ಮೂಲಕಣಗಳ ಶೋಧಕ ಹೋಮಿ ಭಾಭಾ

ಬೈಲಹೊಂಗಲದ ಎರೆನೆಲದಲ್ಲಿ ಬೆಳೆದ ಜೋಳದ ಕಾಳನ್ನು ಬೀಸಿದರೆ ಹಿಟ್ಟಾಗುತ್ತದೆ. ಆ ಹಿಟ್ಟನ್ನು ಇನ್ನೂ ನುಣ್ಣಗೆ ಅರೆಯಬಹುದು. ಹೀಗೆ ಒಡೆಯುತ್ತ ಹೋದರೆ, ಮುಂದೆ ಒಡೆಯಲಾಗದ ಕಣವೊಂದು ಎಲ್ಲಿಯಾದರೂ ಎದುರಾದೀತೆ? ಎದುರಾದರೆ ಅದರ ಸ್ವರೂಪವೆಂಥದು? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ನಮ್ಮ ದೇಶದ ವೈಶೇಷಿಕ ದರ್ಶನಕಾರರೂ ಗ್ರೀಸಿನ ಡೆಮಾಕ್ರಿಟಸನೂ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಕುರಿತು ಚಿಂತಿಸಿದ್ದರು. ಆದರೆ ಬರಿಯ ಚಿಂತನೆಯಿಂದ ಇದಕ್ಕೆ ಉತ್ತರ ದೊರೆಯಲಿಲ್ಲ. ಪ್ರಯೋಗವೂ ಗಣಿತವೂ ಕೈಗೂಡಿಸಿದಾಗ, ಇಪ್ಪತ್ತನೆಯ ಶತಮಾನದಲ್ಲಿ, ಉತ್ತರದ ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು.

ಇಂದು ವಿಜ್ಞಾನಿಗಳು ಕಂಡುಕೊಂಡಿರುವ ಉತ್ತರ ಬೆರಗುಗೊಳಿಸುವಂಥದು. ಆ ಜೋಳದ ಕಾಳು, ರಾಮದುರ್ಗದ ನೇಕಾರನ ಮಗ್ಗದ ಮೇಲಿನ ನೂಲು, ಕಿತ್ತೂರಿನ ಕೋಟೆಯ ಕಲ್ಲು, ಸವದತ್ತಿಯ ಯಲ್ಲಮ್ಮನ ಗುಡ್ಡದ ಬಂಡೆ, ಅವುಗಳನ್ನು ನೋಡುತ್ತಿರುವ ನಮ್ಮ ಕಣ್ಣು, ಇವೆಲ್ಲವೂ ಕೇವಲ ಮೂರು ಬಗೆಯ ಕಣಗಳಿಂದಾಗಿವೆ. ಅವೇ ಅಪ್ ಕ್ವಾರ್ಕ್, ಡೌನ್ ಕ್ವಾರ್ಕ್ ಮತ್ತು ಎಲೆಕ್ಟ್ರಾನ್. ಈ ತಿಳಿವಳಿಕೆ ಒಬ್ಬರಿಂದ ಬಂದುದಲ್ಲ. ಒಂದು ದೇಶದಿಂದ ಬಂದುದೂ ಅಲ್ಲ. ಆ ದೀರ್ಘ ಯಾತ್ರೆಯಲ್ಲಿ ಹೆಜ್ಜೆ ಹಾಕಿದ ಭಾರತೀಯರಲ್ಲಿ ಅಗ್ರಗಣ್ಯರು ಡಾ. ಹೋಮಿ ಜಹಾಂಗೀರ್ ಭಾಭಾ. ಭಾರತದ ಪರಮಾಣು ಶಕ್ತಿ ಕಾರ್ಯದ ಜನಕರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಮೊದಲು ಅವರು ಮೂಲಕಣಗಳ ಶೋಧಕರಾಗಿದ್ದರು. ಅವರ ಬಾಳಿನ ದಿಕ್ಕು ನಿರ್ಧಾರವಾದುದು ಕನ್ನಡ ನೆಲದಲ್ಲಿ ಎಂಬುದನ್ನು ಬಲ್ಲವರು ವಿರಳ.

ಭಾಭಾ ಅವರ ಮನೆತನಕ್ಕೆ ಕರ್ನಾಟಕದ ನಂಟು ಹಳೆಯದು. ಅವರ ತಾತ ಹೊರ್ಮುಸ್ಜಿ ಭಾಭಾ ಅವರು ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದರು. ತಾತನ ಮಗಳು ಮೆಹರ್‌ಬಾಯಿಯವರು ಜಮ್‌ಷೆಟ್‌ಜಿ ಟಾಟಾ ಅವರ ಮಗ ದೊರಾಬ್ಜಿ ಟಾಟಾ ಅವರನ್ನು ವರಿಸಿದ್ದರಿಂದ ಎರಡು ಪಾರ್ಸಿ ಮನೆತನಗಳಿಗೆ ಬಾಂಧವ್ಯವೇರ್ಪಟ್ಟಿತು. ಹೋಮಿಯವರು ಜನಿಸಿದುದು ಮುಂಬಯಿಯಲ್ಲಿ, 1909ರ ಅಕ್ಟೋಬರ್ 30ರಂದು. ತಂದೆ ಜಹಾಂಗೀರ್ ಅವರು ನ್ಯಾಯಶಾಸ್ತ್ರ ಪಂಡಿತರು, ತಾಯಿ ಮೆಹೆರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾದುದೂ ಅದೇ 1909ರಲ್ಲಿ. ಈ ಸಂಸ್ಥೆಗೂ ಈ ಶಿಶುವಿಗೂ ಮುಂದೆ ಬೀಳಲಿದ್ದ ಗಂಟನ್ನು ಆಗ ಯಾರೂ ಊಹಿಸಿರಲಾರರು.

ಮನೆಯಲ್ಲಿ ಒಳ್ಳೆಯ ಗ್ರಂಥಭಂಡಾರವಿತ್ತು. ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳಿದ್ದವು. ಬಾಲಕ ಹೋಮಿ ಓದಿನಷ್ಟೇ ಆಸಕ್ತಿಯಿಂದ ಚಿತ್ರ ಬರೆಯುತ್ತಿದ್ದನು, ಸಂಗೀತವನ್ನಾಲಿಸುತ್ತಿದ್ದನು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಶಾಲಾದಿನಗಳಲ್ಲಿಯೇ ಅಭ್ಯಸಿಸಲು ತೊಡಗಿದನು. ಮುಂಬಯಿಯ ಕೆಥೀಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು ಮತ್ತು ರಾಯಲ್ ವಿಜ್ಞಾನ ಸಂಸ್ಥೆಗಳಲ್ಲಿ ವಿದ್ಯಾಭ್ಯಾಸ ಮುಗಿಸಿ 1927ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿದನು.

ಮಗನು ಯಂತ್ರಶಿಲ್ಪದಲ್ಲಿ ಪದವಿ ಪಡೆದು ಜಮ್‌ಷೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ಉನ್ನತ ಹುದ್ದೆಗೇರಬೇಕೆಂಬುದು ತಂದೆಯ ಅಪೇಕ್ಷೆ. ಆದರೆ ಕೇಂಬ್ರಿಜ್ಜಿನ ಗಾಳಿಯಲ್ಲಿ ಆಗ ಹೊಸ ಭೌತವಿಜ್ಞಾನದ ಕಂಪು ಹರಡಿತ್ತು. ತರುಣ ಹೋಮಿಯ ಮನಸ್ಸು ಅತ್ತ ಹರಿಯಿತು. ಯಂತ್ರಗಳ ಉದ್ಯೋಗ ತನ್ನ ಸ್ವಭಾವಕ್ಕೆ ಒಗ್ಗದೆಂದೂ ಭೌತವಿಜ್ಞಾನವೇ ತನ್ನ ದಾರಿಯೆಂದೂ 1928ರಲ್ಲಿ ತಂದೆಗೆ ವಿನಯದಿಂದ, ಆದರೆ ದೃಢವಾಗಿ ಬರೆದನು. ತಂದೆ ಕೋಪಗೊಳ್ಳಲಿಲ್ಲ, ಒಂದು ಷರತ್ತು ವಿಧಿಸಿದರು. ಮೊದಲು ಯಂತ್ರಶಿಲ್ಪದ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣನಾಗಬೇಕು. ಅನಂತರ ಮನಸ್ಸಿಗೊಪ್ಪಿದ ವಿಷಯವನ್ನು ಓದಲು ತಾವೇ ಹಣ ಒದಗಿಸುವುದು. ಮಗನು ಷರತ್ತನ್ನು ನೆರವೇರಿಸಿದನು. 1930ರಲ್ಲಿ ಯಂತ್ರಶಿಲ್ಪದಲ್ಲಿಯೂ 1932ರಲ್ಲಿ ಗಣಿತದಲ್ಲಿಯೂ ಪ್ರಥಮ ದರ್ಜೆ ಅವರ ಪಾಲಾಯಿತು. ಹೀಗೆ ಕರ್ತವ್ಯವನ್ನೂ ಒಲವನ್ನೂ ಒಂದಕ್ಕಾಗಿ ಇನ್ನೊಂದನ್ನು ಬಲಿಗೊಡದೆ ನಿಭಾಯಿಸುವ ಗುಣ ಅವರಲ್ಲಿ ತಾರುಣ್ಯದಲ್ಲಿಯೇ ನೆಲೆಗೊಂಡಿತು.

1932 ಭೌತವಿಜ್ಞಾನದ ಇತಿಹಾಸದಲ್ಲಿ ಸುವರ್ಣ ಸಂವತ್ಸರ. ಪರಮಾಣುವಿನ ನಡುವೆ ಧನ ವಿದ್ಯುತ್ತುಳ್ಳ ನ್ಯೂಕ್ಲಿಯಸ್ ಇದೆಯೆಂದೂ ಅದರ ಸುತ್ತ ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳಿವೆಯೆಂದೂ ಅದಾಗಲೇ ತಿಳಿದಿತ್ತು. ಆ ವರ್ಷ ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಚಾಡ್‌ವಿಕ್ ಅವರು ವಿದ್ಯುತ್ತಿಲ್ಲದ ನ್ಯೂಟ್ರಾನನ್ನು ಕಂಡುಹಿಡಿದರು. ಅದೇ ವರ್ಷ ಅಮೆರಿಕದಲ್ಲಿ ಆಂಡರ್ಸನ್ ಅವರು ವಿಶ್ವಕಿರಣಗಳ ನಡುವೆ ಪಾಸಿಟ್ರಾನನ್ನು ಕಂಡರು. ಪಾಸಿಟ್ರಾನ್ ಎಲ್ಲ ಗುಣಗಳಲ್ಲಿಯೂ ಎಲೆಕ್ಟ್ರಾನಿನಂತೆಯೇ ಇದ್ದು ಧನ ವಿದ್ಯುತ್ತನ್ನು ಹೊತ್ತಿರುತ್ತದೆ. ಇಂಥ ಕಣವಿರಬೇಕೆಂಬುದು ಕೇಂಬ್ರಿಜ್ಜಿನ ಡಿರಾಕ್ ಅವರ ಗಣಿತದಿಂದ ಮೊದಲೇ ಹೊರಟಿತ್ತು. ಭಾಭಾ ಅವರು ಸಂಶೋಧನೆಗೆ ಕಾಲಿಟ್ಟುದು ಇಂಥ ಪರ್ವಕಾಲದಲ್ಲಿ.

ಎಲೆಕ್ಟ್ರಾನೂ ಪಾಸಿಟ್ರಾನೂ ಒಂದನ್ನೊಂದು ಎದುರಿಸಿದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ಕೈಗೆತ್ತಿಕೊಂಡರು. ಅವು ಪರಸ್ಪರ ಸೆಳೆದು ದಾರಿ ಬದಲಿಸಬಹುದು. ಇಲ್ಲವೆ ಕ್ಷಣಕಾಲ ಎರಡೂ ಅಳಿದು ಮತ್ತೆ ಅಂಥದೇ ಜೋಡಿಯಾಗಿ ಹುಟ್ಟಬಹುದು. ಈ ಎರಡು ಬಗೆಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು, ಯಾವ ಕೋನದಲ್ಲಿ ಎಷ್ಟು ಕಣಗಳು ಚದರುವವೆಂಬುದನ್ನು ಸೂತ್ರರೂಪದಲ್ಲಿ ತಿಳಿಸಿದ ಅವರ ಪ್ರಬಂಧ 1936ರಲ್ಲಿ ಪ್ರಕಟವಾಯಿತು. ಜಗತ್ತಿನ ಪಠ್ಯಗ್ರಂಥಗಳಲ್ಲಿ ಇದು ಇಂದಿಗೂ ಭಾಭಾ ಚದರಿಕೆಯೆಂಬ ಹೆಸರಿನಿಂದಲೇ ನಿಂತಿದೆ. ಆಗ ಅವರ ವಯಸ್ಸು ಇಪ್ಪತ್ತಾರರ ಆಸುಪಾಸು.

ಇದರ ಬೆನ್ನಿಗೇ ಅವರ ಗಮನ ವಿಶ್ವಕಿರಣಗಳತ್ತ ಹೊರಳಿತು. ವಿಶ್ವಕಿರಣಗಳೆಂದರೆ ಬಾಹ್ಯಾಕಾಶದಿಂದ ಭೂಮಿಯ ಮೇಲೆ ಹಗಲಿರುಳೂ ಎರಗುವ ವೇಗಶಾಲಿ ಕಣಗಳು. ಅವುಗಳಲ್ಲಿ ಹೆಚ್ಚಿನವು ಪ್ರೋಟಾನುಗಳು. ಅವು ವಾಯುಮಂಡಲದ ಮೇಲ್ಪದರದಲ್ಲಿ ಗಾಳಿಯ ನ್ಯೂಕ್ಲಿಯಸ್ಸುಗಳಿಗೆ ಬಡಿದು ಹೊಸ ಕಣಗಳನ್ನೆಬ್ಬಿಸುತ್ತವೆ. ಕೆಲವೊಮ್ಮೆ ನೆಲದ ಮೇಲಿನ ಉಪಕರಣಗಳಲ್ಲಿ ಒಂದೇ ಗಳಿಗೆಗೆ ಅಸಂಖ್ಯಾತ ಕಣಗಳು ಮಳೆಯಂತೆ ಸುರಿಯುವುದು ಕಂಡುಬರುತ್ತಿತ್ತು. ಈ ಮಳೆ ಹೇಗೆ ಉಂಟಾಗುತ್ತದೆಂಬುದು ಒಗಟಾಗಿತ್ತು. 1937ರಲ್ಲಿ ಭಾಭಾ ಅವರೂ ವಾಲ್ಟರ್ ಹೈಟ್ಲರ್ ಅವರೂ ಕೂಡಿ ಈ ಒಗಟನ್ನು ಬಿಡಿಸಿದರು. ವೇಗವಾಗಿ ಬರುವ ಎಲೆಕ್ಟ್ರಾನು ಗಾಳಿಯ ನ್ಯೂಕ್ಲಿಯಸ್ಸಿನ ಬಳಿ ಹಾಯುವಾಗ ಪ್ರಬಲವಾದ ಬೆಳಕಿನ ಕಣವನ್ನು ಹೊರಸೂಸುತ್ತದೆ. ಆ ಬೆಳಕಿನ ಕಣ ಮುಂದೆ ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗಿ ಮಾರ್ಪಡುತ್ತದೆ. ಅವೆರಡೂ ಮತ್ತೆ ಬೆಳಕನ್ನು ಸೂಸುತ್ತವೆ. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಸಂಖ್ಯೆ ಬೆಳೆಯುತ್ತದೆ. ಆದರೆ ಹಿರಿಯರ ಹೊಲವನ್ನು ತಲೆತಲಾಂತರದಲ್ಲಿ ಮಕ್ಕಳು ಮೊಮ್ಮಕ್ಕಳು ಹಂಚಿಕೊಂಡಂತೆ, ಪಾಲುದಾರರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಶಕ್ತಿ ಕಿರಿದಾಗುತ್ತದೆ. ಕೊನೆಗೆ ಇನ್ನು ಹಂಚಲಾರದಷ್ಟು ಕಿರಿದಾದಾಗ ಮಳೆ ನಿಲ್ಲುತ್ತದೆ. ಈ ವಿವರಣೆ ಪ್ರಯೋಗಗಳಿಗೆ ಸರಿಹೊಂದಿತು. ಭಾಭಾ ಅವರ ಹೆಸರು ವಿಜ್ಞಾನಲೋಕದಲ್ಲೆಲ್ಲ ಹರಡಿತು.

ಆದರೆ ವಿಶ್ವಕಿರಣಗಳಲ್ಲಿ ಈ ವಿವರಣೆಗೆ ಒಳಪಡದ ಇನ್ನೊಂದು ಬಗೆಯ ಕಣವಿತ್ತು. ಅದು ಹೀಗೆ ಮಳೆಯಾಗಿ ಒಡೆಯದೆ ದಪ್ಪನೆಯ ಸೀಸದ ಹಲಗೆಯನ್ನೂ ತೂರಿಹೋಗುತ್ತಿತ್ತು. ಅದರ ದ್ರವ್ಯರಾಶಿ ಎಲೆಕ್ಟ್ರಾನಿನದಕ್ಕಿಂತ ಸುಮಾರು 200 ಪಟ್ಟು ಹೆಚ್ಚು, ಪ್ರೋಟಾನಿನದಕ್ಕಿಂತ ಕಡಿಮೆ. ಈ ನಡುತರದ ಕಣಕ್ಕೆ ಹಲವರು ಹಲವು ಹೆಸರುಗಳನ್ನು ಸೂಚಿಸಿದ್ದರು. ನಡುವಿನದು ಎಂಬರ್ಥದ ಗ್ರೀಕ್ ಮೂಲಕ್ಕೆ ನಿಷ್ಠವಾಗಿ ಮೀಸಾನ್ ಎಂದು ಕರೆಯುವುದೇ ಯುಕ್ತವೆಂದು 1939ರಲ್ಲಿ ಭಾಭಾ ವಾದಿಸಿದರು. ಆ ಹೆಸರೇ ನೆಲೆನಿಂತಿತು. ಅದಕ್ಕೆ ಹಿಂದಿನ ವರ್ಷವೇ ಅವರು ಇನ್ನೊಂದು ಸೂಕ್ಷ್ಮ ಸಂಗತಿಯನ್ನು ಸೂಚಿಸಿದ್ದರು. ಈ ಕಣ ಅಲ್ಪಾಯು, ತಾನಾಗಿಯೇ ಅಳಿದುಹೋಗುವಂಥದು. ಆದರೂ ಬೆಳಕಿನ ವೇಗಕ್ಕೆ ಸಮೀಪವಾಗಿ ಧಾವಿಸುವಾಗ, ಐನ್‌ಸ್ಟೈನರ ಸಿದ್ಧಾಂತದ ಪ್ರಕಾರ, ನಮ್ಮ ಗಡಿಯಾರದ ಲೆಕ್ಕದಲ್ಲಿ ಅದರ ಆಯುಷ್ಯ ಹಿಗ್ಗಬೇಕು ಎಂಬುದೇ ಆ ಸಂಗತಿ.

ಈ ಮಾತಿನ ಸತ್ಯ ಇಂದಿಗೂ ನಮ್ಮ ತಲೆಯ ಮೇಲೆಯೇ ಸುರಿಯುತ್ತಿದೆ. ಇಂದು ಮ್ಯೂಆನ್ ಎಂದು ಕರೆಯುವ ಆ ಕಣದ ಆಯುಷ್ಯ ಸರಾಸರಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಸುಮಾರು 660 ಮೀಟರುಗಳನ್ನಷ್ಟೇ ಕ್ರಮಿಸಬಲ್ಲದು. ಮ್ಯೂಆನುಗಳಾದರೋ ನೆಲದಿಂದ ಹತ್ತು ಹದಿನೈದು ಕಿಲೋಮೀಟರು ಎತ್ತರದಲ್ಲಿ ಹುಟ್ಟುತ್ತವೆ. ಆಯುಷ್ಯ ಹಿಗ್ಗದಿದ್ದರೆ ಅವುಗಳಲ್ಲಿ ಬಹುತೇಕ ಎಲ್ಲವೂ ದಾರಿಯಲ್ಲಿಯೇ ಅಳಿಯಬೇಕಾಗಿತ್ತು. ಆದರೂ ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಅವು ಬಂದಿಳಿಯುತ್ತವೆ. ನೀವು ಅಂಗೈಯನ್ನು ಚಾಚಿ ಹಿಡಿದರೆ ಒಂದು ನಿಮಿಷದಲ್ಲಿ ಸುಮಾರು ನೂರು ಮ್ಯೂಆನುಗಳು ಅದನ್ನು ತೂರಿ ಹೋಗುತ್ತವೆ. ಕಿತ್ತೂರಿನ ಕೋಟೆಯ ಗೋಡೆ ಅವುಗಳಿಗೆ ದೊಡ್ಡ ತಡೆಯಲ್ಲ. ಅವುಗಳಲ್ಲಿ ಅತ್ಯಂತ ಶಕ್ತಿಶಾಲಿಯಾದವನ್ನು ತಡೆಯಲು ಕಿಲೋಮೀಟರುಗಳಷ್ಟು ದಪ್ಪನೆಯ ಬಂಡೆಯೇ ಬೇಕು.

1939ರಲ್ಲಿ ಭಾಭಾ ಅವರು ರಜೆಗೆಂದು ತಾಯ್ನಾಡಿಗೆ ಬಂದರು. ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಸಿಡಿಯಿತು. ಕೇಂಬ್ರಿಜ್ಜಿಗೆ ಮರಳುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರಿಗೆ ರೀಡರ್ ಹುದ್ದೆ ನೀಡಿ ಬರಮಾಡಿಕೊಂಡಿತು. ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು ಸರ್ ಸಿ. ವಿ. ರಾಮನ್. ಸರ್ ದೊರಾಬ್ಜಿ ಟಾಟಾ ನ್ಯಾಸದ ನೆರವಿನಿಂದ ವಿಶ್ವಕಿರಣ ಸಂಶೋಧನೆಗೆಂದು ಪ್ರತ್ಯೇಕ ಘಟಕವೊಂದು ತೆರೆಯಿತು. 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಭಾಭಾ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ಆಗ ಅವರಿಗಿನ್ನೂ ಮೂವತ್ತೊಂದು ವರ್ಷ.

ಬೆಂಗಳೂರಿನಲ್ಲಿ ಕ್ಯಾವೆಂಡಿಷ್ ಪ್ರಯೋಗಾಲಯದಂಥ ಸೌಕರ್ಯಗಳಿರಲಿಲ್ಲ. ಕಣಗಳಿಗೆ ವೇಗ ಕೊಡುವ ಬೃಹದ್ಯಂತ್ರಗಳಂತೂ ಕನಸಿನ ಮಾತು. ಇಲ್ಲದುದನ್ನು ಎಣಿಸುತ್ತ ಕೂಡುವುದು ಭಾಭಾ ಅವರ ಸ್ವಭಾವವಲ್ಲ. ಇರುವುದೇನೆಂದು ಅವರು ನೋಡಿದರು. ಬೃಹದ್ಯಂತ್ರವು ಕಷ್ಟಪಟ್ಟು ಮಾಡುವ ಕೆಲಸವನ್ನು ಆಕಾಶ ಪುಕ್ಕಟೆಯಾಗಿ ಮಾಡುತ್ತಿತ್ತು. ಅದಲ್ಲದೆ ದಕ್ಷಿಣ ಭಾರತಕ್ಕೆ ಪ್ರಕೃತಿ ಕೊಟ್ಟ ವಿಶೇಷ ಅನುಕೂಲವೊಂದಿತ್ತು. ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಕಾಂತಬಲ ವಿಶ್ವಕಿರಣಗಳನ್ನು ದಾರಿ ತಪ್ಪಿಸುತ್ತದೆ. ಧ್ರುವಗಳ ಬಳಿ ಕಡಿಮೆ ಶಕ್ತಿಯ ಕಣಗಳೂ ಒಳನುಗ್ಗಬಲ್ಲವು; ಕಾಂತೀಯ ಸಮಭಾಜಕಕ್ಕೆ ಸಮೀಪವಾದ ದಕ್ಷಿಣ ಭಾರತದಲ್ಲಿ ಮಹಾಶಕ್ತಿಯ ಕಣಗಳು ಮಾತ್ರ ಒಳಬರಬಲ್ಲವು. ಜರಡಿಯಲ್ಲಿ ಸೋಸಿ ದಪ್ಪ ಕಾಳನ್ನು ಮಾತ್ರ ಆರಿಸಿಕೊಟ್ಟಂತೆ ಇದು. ಈ ಕಾರಣದಿಂದಲೇ ಅಮೆರಿಕದ ಮಿಲಿಕನ್ ಅವರು 1940ರ ಸುಮಾರಿನಲ್ಲಿ ಬೆಂಗಳೂರು, ಆಗ್ರಾ, ಪೇಷಾವರಗಳಿಂದ ಉಪಕರಣಗಳನ್ನು ಹೊತ್ತ ಬಲೂನುಗಳನ್ನು ಹಾರಿಸಿ ಬೇರೆ ಬೇರೆ ಅಕ್ಷಾಂಶಗಳ ವಿಶ್ವಕಿರಣಗಳನ್ನು ಹೋಲಿಸಿದ್ದರು. ಭಾಭಾ ಅವರೂ ಅವರ ಸಹೋದ್ಯೋಗಿಗಳೂ ಗೈಗರ್ ಗಣಕಗಳನ್ನು ತಾವೇ ಸಜ್ಜುಗೊಳಿಸಿದರು. ಯುದ್ಧದ ನಿಮಿತ್ತ ಬೆಂಗಳೂರಿಗೆ ಬರುತ್ತಿದ್ದ ಅಮೆರಿಕದ ವಾಯುಪಡೆಯ ವಿಮಾನಗಳಲ್ಲಿ ಅವುಗಳನ್ನಿರಿಸಿ, ಎತ್ತರದ ಆಕಾಶದಲ್ಲಿ ಮೀಸಾನುಗಳೆಷ್ಟೆಂಬುದನ್ನು ಎಣಿಸಿದರು. ಮುಂದೆ ಗಣಿತದಲ್ಲಿ ಜಗದ್ವಿಖ್ಯಾತರಾದ ಹರೀಶ್‌ಚಂದ್ರ ಅವರು ಈ ದಿನಗಳಲ್ಲಿ ಭಾಭಾ ಅವರೊಡನೆ ಕೆಲಸ ಮಾಡಿದರು. ವಿಕ್ರಮ್ ಸಾರಾಭಾಯಿ ಅವರೂ ಅದೇ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದ್ದರು.

ಯುದ್ಧ ಮುಗಿದೊಡನೆ ಯೂರೋಪಿಗೆ ಹಿಂದಿರುಗಬೇಕೆಂಬುದು ಭಾಭಾ ಅವರ ಮೊದಲ ಬಯಕೆಯಾಗಿತ್ತು. ಅಲ್ಲಿ ಹೆಸರಿತ್ತು, ಗೆಳೆಯರಿದ್ದರು, ಪ್ರಯೋಗಾಲಯಗಳಿದ್ದವು. ಆದರೆ ಬೆಂಗಳೂರಿನ ವರ್ಷಗಳು ಅವರ ಮನಸ್ಸನ್ನು ತಿರುಗಿಸಿದವು. ಪ್ರತಿಭಾವಂತ ತರುಣರು ನಾಡಿನಲ್ಲಿಯೇ ಇದ್ದಾರೆ. ಅವರಿಗೆ ಬೇಕಾದುದು ಯೋಗ್ಯವಾದ ನೆಲೆ. ಅಂಥ ನೆಲೆಯನ್ನು ಕಟ್ಟುವುದು ತನ್ನಂಥವನ ಹೊಣೆಯೆಂದು ಅವರಿಗೆ ಮನವರಿಕೆಯಾಯಿತು. 1944ರ ಮಾರ್ಚ್ 12ರಂದು ಅವರು ಟಾಟಾ ನ್ಯಾಸದ ಅಧ್ಯಕ್ಷರಿಗೆ ದೀರ್ಘವಾದ ಪತ್ರವೊಂದನ್ನು ಬರೆದು, ಮೂಲಭೂತ ಭೌತವಿಜ್ಞಾನಕ್ಕೆ ಮೀಸಲಾದ ಸಂಶೋಧನಾಲಯದ ಯೋಜನೆಯನ್ನು ಮುಂದಿಟ್ಟರು. ಕೆಲವು ದಶಕಗಳಲ್ಲಿ ಪರಮಾಣು ಶಕ್ತಿ ಬಳಕೆಗೆ ಬಂದಾಗ ಭಾರತ ತಜ್ಞರಿಗಾಗಿ ಹೊರದೇಶಗಳತ್ತ ನೋಡಬೇಕಾಗಿ ಬರಬಾರದೆಂಬ ದೂರದೃಷ್ಟಿಯೂ ಆ ಪತ್ರದಲ್ಲಿತ್ತು. ಹಿರೋಷಿಮಾದ ಮೇಲೆ ಬಾಂಬು ಬೀಳುವ ಒಂದು ವರ್ಷಕ್ಕೂ ಹಿಂದಿನ ಮಾತಿದು. ಯೋಜನೆ ಒಪ್ಪಿಗೆ ಪಡೆಯಿತು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ಕಾರ್ಯಾರಂಭ ಮಾಡಿತು. ಅದೇ ಡಿಸೆಂಬರಿನಲ್ಲಿ ಮುಂಬಯಿಗೆ ವರ್ಗವಾಯಿತು.

ಸಂಸ್ಥೆ ಮುಂಬಯಿಗೆ ಹೋದರೂ ಭಾಭಾ ಅವರ ದೃಷ್ಟಿ ಕನ್ನಡ ನೆಲವನ್ನು ಬಿಡಲಿಲ್ಲ. ವಿಶ್ವಕಿರಣಗಳು ಆಕಾಶದಲ್ಲಿ ಎಷ್ಟೆಂಬುದನ್ನು ಎಣಿಸಿಯಾಗಿತ್ತು. ಅವು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯಬಲ್ಲವೆಂಬುದು ಮುಂದಿನ ಪ್ರಶ್ನೆ. ಅದಕ್ಕೆ ಬೇಕಾದುದು ಆಳವಾದ ಗುಂಡಿ. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿದ್ದವು. ಶಿವನಸಮುದ್ರದಿಂದ 1902ರಲ್ಲಿಯೇ ಅಲ್ಲಿಗೆ ವಿದ್ಯುತ್ತು ಹರಿದುಬಂದಿತ್ತು. ಇಳಿಯಲು ದಾರಿ, ಬೆಳಕು, ನುರಿತ ಕೆಲಸಗಾರರು ಎಲ್ಲವೂ ಅಲ್ಲಿ ಸಿದ್ಧವಾಗಿದ್ದವು. ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ತರುಣ ವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು ಗಣಕಗಳೊಡನೆ ಆ ಗಣಿಗಳಿಗಿಳಿದರು. ಶ್ರೀಕಂಠನ್ ಅವರು ನಂಜನಗೂಡಿನವರು. ಮುಂದೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದರು.

ಕಾರ್ಮಿಕರು ಚಿನ್ನಕ್ಕಾಗಿ ಬೆವರು ಸುರಿಸುತ್ತಿದ್ದ ಆ ಕತ್ತಲಲ್ಲಿ ವಿಜ್ಞಾನಿಗಳು ಕಣಗಳಿಗಾಗಿ ಕಾದರು. ಕೆಳಗಿಳಿದಂತೆ ಮ್ಯೂಆನುಗಳ ಎಣಿಕೆ ಇಳಿಯುತ್ತ ಬಂದಿತು. 1960ರ ದಶಕದ ಆರಂಭದಲ್ಲಿ ಸುಮಾರು 2,700 ಮೀಟರುಗಳ ಆಳದಲ್ಲಿ ಉಪಕರಣವನ್ನಿಟ್ಟು ಎರಡು ತಿಂಗಳು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಸಾಮಾನ್ಯರಿಗೆ ಇದು ಸೋಲೆಂದು ತೋರೀತು. ವಿಜ್ಞಾನಿಗಳಿಗೆ ಈ ಮೌನವೇ ಸಂಪತ್ತಾಯಿತು. ಗದ್ದಲದ ಸಂತೆಯಲ್ಲಿ ಕೇಳದ ಪಿಸುಮಾತು ನಡುರಾತ್ರಿಯ ನಿಶ್ಶಬ್ದದಲ್ಲಿ ಕೇಳಿಸುವಂತೆ, ಬೇರೆಲ್ಲ ಕಣಗಳೂ ಅಡಗಿದ ಆ ಆಳದಲ್ಲಿ ನ್ಯೂಟ್ರಿನೊವಿನ ಸುಳಿವನ್ನು ಹಿಡಿಯಬಹುದಿತ್ತು. ನ್ಯೂಟ್ರಿನೊ ವಿದ್ಯುತ್ತಿಲ್ಲದ, ಅತಿ ಹಗುರವಾದ ಮೂಲಕಣ. ಅದು ಇಡೀ ಭೂಮಂಡಲವನ್ನೇ ಯಾವ ತಡೆಯೂ ಇಲ್ಲದೆ ತೂರಿಹೋಗಬಲ್ಲದು. ಅಪರೂಪಕ್ಕೊಮ್ಮೆ ಅದು ಬಂಡೆಯ ನ್ಯೂಕ್ಲಿಯಸ್ಸಿಗೆ ತಾಗಿ ಮ್ಯೂಆನೊಂದನ್ನು ಎಬ್ಬಿಸುತ್ತದೆ. ಮೇಲಿನಿಂದ ಬರುವ ಮ್ಯೂಆನುಗಳನ್ನು ಬಂಡೆ ತಡೆದಿರುವಾಗ, ಪಕ್ಕದಿಂದ ಹಾಯ್ದು ಬರುವ ಮ್ಯೂಆನು ನ್ಯೂಟ್ರಿನೊವಿನ ಕುರುಹು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದುಗೂಡಿ ಸುಮಾರು 2,300 ಮೀಟರುಗಳ ಆಳದಲ್ಲಿ ಪ್ರಯೋಗವನ್ನು ಹೂಡಿದರು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಅಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅಂಥದೇ ಸುಳಿವು ಕಂಡಿತು. ಜಗತ್ತಿನಲ್ಲಿ ಮೊತ್ತಮೊದಲಿಗೆ ಈ ಕಾಣ್ಕೆಯನ್ನು ಪಡೆದ ಎರಡು ತಾಣಗಳಲ್ಲಿ ಕೋಲಾರವೂ ಒಂದು. ಬಡ ದೇಶವೊಂದು ತನ್ನ ನೆಲದ ಗುಣವನ್ನರಿತು ದುಡಿದರೆ ಸಿರಿವಂತ ದೇಶಗಳ ಸರಿಸಮಕ್ಕೆ ನಿಲ್ಲಬಲ್ಲದೆಂಬ ಭಾಭಾ ಅವರ ನಂಬಿಕೆ ಹೀಗೆ ಫಲಿಸಿತು.

ಇತ್ತ ಮೂಲಕಣಗಳ ಕಥೆ ಬೇರೊಂದು ತಿರುವನ್ನು ಕಂಡಿತ್ತು. ವಿಶ್ವಕಿರಣಗಳಲ್ಲಿಯೂ ಹೊಸ ಯಂತ್ರಗಳಲ್ಲಿಯೂ ದಿನಕ್ಕೊಂದು ಹೊಸ ಕಣ ಕಾಣಿಸಿಕೊಳ್ಳತೊಡಗಿ, 1960ರ ವೇಳೆಗೆ ಅವುಗಳ ಪಟ್ಟಿ ಉದ್ದವಾಗಿ ಬೆಳೆದಿತ್ತು. ಇಷ್ಟೊಂದು ಕಣಗಳು ಮೂಲಭೂತವಾಗಿರಲು ಸಾಧ್ಯವೆ? 1964ರಲ್ಲಿ ಅಮೆರಿಕದ ಮರ್ರೆ ಗೆಲ್‌ಮಾನ್ ಮತ್ತು ಜಾರ್ಜ್ ಝ್ವೈಗ್ ಅವರು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಪ್ರೋಟಾನು, ನ್ಯೂಟ್ರಾನು ಮೊದಲಾದವು ಇನ್ನೂ ಚಿಕ್ಕ ಕಣಗಳಿಂದಾದವು. ಗೆಲ್‌ಮಾನ್ ಅವುಗಳಿಗೆ ಐರ್ಲೆಂಡಿನ ಜೇಮ್ಸ್ ಜಾಯ್ಸ್ ಅವರ ಕಾದಂಬರಿಯೊಂದರಿಂದ ಕ್ವಾರ್ಕ್ ಎಂಬ ಹೆಸರನ್ನು ಆರಿಸಿಕೊಂಡರು. ಅಪ್ ಕ್ವಾರ್ಕಿನ ವಿದ್ಯುತ್ತು ಪ್ರೋಟಾನಿನದರ ಮೂರನೆಯ ಎರಡರಷ್ಟು. ಡೌನ್ ಕ್ವಾರ್ಕಿನದು ಮೂರನೆಯ ಒಂದರಷ್ಟು, ಅದೂ ಋಣ. ಎರಡು ಅಪ್, ಒಂದು ಡೌನ್ ಕೂಡಿದರೆ ಪ್ರೋಟಾನು. ಎರಡು ಡೌನ್, ಒಂದು ಅಪ್ ಕೂಡಿದರೆ ನ್ಯೂಟ್ರಾನು. ನೀವೇ ಕೂಡಿ ನೋಡಿದರೆ ಮೊದಲನೆಯದಕ್ಕೆ ಒಂದೂ ಎರಡನೆಯದಕ್ಕೆ ಸೊನ್ನೆಯೂ ಬರುವುದು ತಿಳಿಯುತ್ತದೆ.

ಬಿಡಿ ಕ್ವಾರ್ಕನ್ನು ಯಾರೂ ಕಂಡಿಲ್ಲ. ಹಗ್ಗವನ್ನು ಕತ್ತರಿಸಿ ಅದರ ಒಂದು ತುದಿಯನ್ನು ಮಾತ್ರ ಬೇರ್ಪಡಿಸಲಾಗುವುದಿಲ್ಲ. ಪ್ರತಿ ತುಂಡಿಗೂ ಎರಡು ತುದಿಗಳಿದ್ದೇ ಇರುತ್ತವೆ. ಕ್ವಾರ್ಕುಗಳನ್ನು ಎಳೆದು ಬಿಡಿಸಲು ಹೋದರೂ ಹೀಗೆಯೇ. ಬಳಸಿದ ಶಕ್ತಿಯಿಂದ ಹೊಸ ಕ್ವಾರ್ಕುಗಳು ಹುಟ್ಟಿ ಹಳೆಯವನ್ನು ಕೂಡಿಕೊಳ್ಳುತ್ತವೆ. ಹಾಗಾದರೆ ಅವು ಇವೆಯೆಂಬುದಕ್ಕೆ ಪ್ರಮಾಣವೇನು? ಬೈಲಹೊಂಗಲದ ಪೇಟೆಯಲ್ಲಿ ಚೀಲದೊಳಗಣ ಕಾಳಿನ ಗುಣವನ್ನರಿಯಲು ವರ್ತಕರು ಹೊರಗಿನಿಂದ ಕಬ್ಬಿಣದ ಸಲಾಕೆಯನ್ನು ಚುಚ್ಚಿ ನೋಡುವುದುಂಟು. ಹಾಗೆಯೇ 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವೇಗಶಾಲಿ ಎಲೆಕ್ಟ್ರಾನುಗಳಿಂದ ಪ್ರೋಟಾನನ್ನು ಚುಚ್ಚಿ ನೋಡಲಾಯಿತು. ಕೆಲವು ಎಲೆಕ್ಟ್ರಾನುಗಳು ಒಳಗೆ ಗಟ್ಟಿಯಾದ ಸಣ್ಣ ಕಾಳುಗಳಿಗೆ ತಾಗಿದಂತೆ ಅಡ್ಡಕ್ಕೆ ಸಿಡಿದವು. ಆ ಕಾಳುಗಳೇ ಕ್ವಾರ್ಕುಗಳೆಂದು ಮುಂದಿನ ಪ್ರಯೋಗಗಳು ಸಿದ್ಧಪಡಿಸಿದವು. ಕ್ವಾರ್ಕುಗಳಲ್ಲಿ ಆರು ಬಗೆಗಳಿವೆಯೆಂಬುದು ಈಗ ತಿಳಿದಿದೆ. ಆರನೆಯದು ಕಂಡುದು 1995ರಲ್ಲಿ.

ಈ ವಿಜಯವನ್ನು ಕಾಣಲು ಭಾಭಾ ಅವರಿರಲಿಲ್ಲ. 1948ರಲ್ಲಿ ಅವರು ಭಾರತದ ಪರಮಾಣು ಶಕ್ತಿ ಆಯೋಗದ ಮೊದಲ ಅಧ್ಯಕ್ಷರಾದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ಎಂಬ ಪರಮಾಣು ಕ್ರಿಯಾಗಾರ ಚಾಲನೆಗೊಂಡಿತು. ಇಷ್ಟನ್ನು ಕಟ್ಟಲು ಅವರು ತೆತ್ತ ಬೆಲೆ ಸಣ್ಣದಲ್ಲ. ಕಾಗದದ ಮೇಲೆ ಸಮೀಕರಣಗಳೊಡನೆ ಕಳೆಯುವ ಏಕಾಂತದ ಸುಖವನ್ನು ಅವರು ಬಿಟ್ಟುಕೊಟ್ಟರು. 1950ರ ದಶಕದ ನಡುವಿನ ಬಳಿಕ ಅವರ ಸ್ವಂತ ಸಂಶೋಧನಾ ಪ್ರಬಂಧಗಳು ಬಹುಮಟ್ಟಿಗೆ ನಿಂತೇಹೋದವು. ಇತರರು ಶೋಧ ನಡೆಸಲು ನೆಲೆಯೊದಗಿಸುವುದಕ್ಕಾಗಿ ತಮ್ಮ ಶೋಧವನ್ನೇ ತ್ಯಾಗ ಮಾಡಿದ ವಿಜ್ಞಾನಿ ಅವರು. ಆದರೂ ಚಿತ್ರಕಲೆ, ಸಂಗೀತ, ಉದ್ಯಾನಗಳ ಮೇಲಣ ಒಲವು ಮಾಸಲಿಲ್ಲ. ಕಟ್ಟಡ ಕಟ್ಟುವಾಗ ಅಡ್ಡ ಬಂದ ಮರಗಳನ್ನು ಕಡಿಯಗೊಡದೆ, ಬೇರುಸಹಿತ ಎತ್ತಿ ಬೇರೆಡೆ ನೆಡಿಸುತ್ತಿದ್ದರು.

1966ರ ಜನವರಿ 24ರಂದು ವಿಯೆನ್ನಾದ ಸಭೆಯೊಂದಕ್ಕೆ ಹೊರಟಿದ್ದ ಭಾಭಾ ಅವರ ವಿಮಾನ ಆಲ್ಪ್ಸ್ ಪರ್ವತಶ್ರೇಣಿಯ ಮೌಂಟ್ ಬ್ಲಾಂಕ್ ಶಿಖರದ ಬಳಿ ಅಪ್ಪಳಿಸಿತು. ಅದರಲ್ಲಿದ್ದ 117 ಮಂದಿಯೂ ಮೃತರಾದರು. ಭಾಭಾ ಅವರಿಗಾಗ ಐವತ್ತಾರು ವರ್ಷ. ಕೋಲಾರದ ನ್ಯೂಟ್ರಿನೊ ಶೋಧ ಪ್ರಕಟವಾಗಿ ಆರು ತಿಂಗಳೂ ಕಳೆದಿರಲಿಲ್ಲ. ಹದಿಮೂರು ದಿನಗಳ ಹಿಂದೆಯಷ್ಟೇ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರನ್ನು ಕಳೆದುಕೊಂಡಿದ್ದ ನಾಡಿಗೆ ಇದು ಬರಸಿಡಿಲಿನಂಥ ಆಘಾತವಾಯಿತು. ಟ್ರಾಂಬೆಯ ಕೇಂದ್ರಕ್ಕೆ 1967ರಲ್ಲಿ ಅವರ ಹೆಸರನ್ನಿಡಲಾಯಿತು.

ಅವರು ತೋರಿದ ಗಣಿಯ ದಾರಿಯಲ್ಲಿ ಶೋಧ ಮುಂದುವರಿಯಿತು. ಕ್ವಾರ್ಕು ಎಂದಾದರೂ ಬೇರೊಂದು ಬಗೆಯ ಕಣವಾಗಿ ಮಾರ್ಪಡಬಹುದೆಂದೂ, ಹಾಗಾದಲ್ಲಿ ಪ್ರೋಟಾನೇ ಅಳಿಯಬಹುದೆಂದೂ ಕೆಲವು ಸಿದ್ಧಾಂತಗಳು ಸೂಚಿಸಿದ್ದವು. ಪ್ರೋಟಾನು ಅಳಿಯುವುದಾದರೆ ಬಂಡೆಗಳೂ ನಕ್ಷತ್ರಗಳೂ ಒಂದಾನೊಂದು ಕಾಲಕ್ಕೆ ಅಳಿಯಲೇಬೇಕು. ಇದನ್ನು ಪರೀಕ್ಷಿಸಲು 1980ರಲ್ಲಿ ಕೋಲಾರದ ಆಳದಲ್ಲಿ ಸುಮಾರು 140 ಟನ್ನುಗಳ, ಕಬ್ಬಿಣದ ಫಲಕಗಳ ಉಪಕರಣವನ್ನು ನಿಲ್ಲಿಸಿದರು. ಪ್ರೋಟಾನು ಅಳಿದ ಕುರುಹಿರಬಹುದಾದ ಕೆಲವು ಘಟನೆಗಳನ್ನು ವರದಿ ಮಾಡಿದರು. ಆದರೆ ಬೇರೆ ದೇಶಗಳ ದೊಡ್ಡ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಪ್ರೋಟಾನು ಅಳಿದುದನ್ನು ಖಚಿತವಾಗಿ ಕಂಡವರು ಇಂದಿಗೂ ಇಲ್ಲ. 1990ರ ದಶಕದಲ್ಲಿ ಅಲ್ಲಿಯ ಪ್ರಯೋಗಗಳು ನಿಂತವು. 2001ರಲ್ಲಿ ಗಣಿಗಳೂ ಮುಚ್ಚಿದವು. ಇಲ್ಲವೆಂಬ ಉತ್ತರವೂ ವಿಜ್ಞಾನದಲ್ಲಿ ಉತ್ತರವೇ. ಮುಂದಿನವರು ಎಲ್ಲಿಂದ ಹೊರಡಬೇಕೆಂಬುದನ್ನು ಅದು ತಿಳಿಸುತ್ತದೆ.

ಭಾಭಾ ಅವರು ತಮ್ಮ ತಾರುಣ್ಯದಲ್ಲಿ ಕಾಗದದ ಮೇಲೆ ಬರೆದುದು ಮಾತ್ರ ಇಂದಿಗೂ ದುಡಿಯುತ್ತಿದೆ. ಅವರು ಪಟ್ಟುಹಿಡಿದು ನಿಲ್ಲಿಸಿದ ಮೀಸಾನ್ ಎಂಬ ಹೆಸರು ಈಗ ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಕೂಡಿ ಆದ ಕಣಗಳ ಕುಲಕ್ಕೇ ಸಲ್ಲುತ್ತದೆ. ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಡಿಕ್ಕಿ ಹೊಡೆಸುವ ಮಹಾಯಂತ್ರಗಳಲ್ಲಿ ಎಷ್ಟು ಡಿಕ್ಕಿಗಳು ನಡೆದವೆಂದು ಅಳೆಯಲು ವಿಜ್ಞಾನಿಗಳು ಬಳಸುವ ಅಳತೆಗೋಲು 1936ರ ಭಾಭಾ ಚದರಿಕೆಯ ಸೂತ್ರವೇ. 1974ರಲ್ಲಿ ನಾಲ್ಕನೆಯ ಬಗೆಯ ಕ್ವಾರ್ಕಿನ ಸುಳಿವು ಕೊಟ್ಟ ಯಂತ್ರಗಳಲ್ಲಿ ಇಂಥದೂ ಒಂದಿತ್ತು. ಹೀಗೆ ಕ್ವಾರ್ಕಿನ ಯುಗವನ್ನು ಕಾಣದೆ ಹೋದವರ ಅಳತೆಯಿಂದಲೇ ಆ ಯುಗ ತನ್ನ ಹೆಜ್ಜೆಗಳನ್ನು ಅಳೆದುಕೊಂಡಿತು.

ಬೃಹದ್ಯಂತ್ರಗಳಿಲ್ಲವೆಂದು ಭಾಭಾ ಅವರು ಕೈಕಟ್ಟಿ ಕೂಡಲಿಲ್ಲ. ತಲೆಯ ಮೇಲಿನ ಆಕಾಶವನ್ನೂ ಕಾಲ ಕೆಳಗಿನ ಗಣಿಯನ್ನೂ ಪ್ರಯೋಗಾಲಯವನ್ನಾಗಿ ಮಾಡಿಕೊಂಡರು. ಆ ಆಕಾಶ ಎಲ್ಲ ಊರುಗಳ ಮೇಲೂ ಒಂದೇ ಸಮನಾಗಿ ಹರಡಿದೆ. ಕಣಗಳ ಮಳೆ ಮಲಪ್ರಭೆಯ ದಂಡೆಯ ಶಾಲೆಯ ಮೇಲೂ ಸುರಿಯುತ್ತಿದೆ. ಅದನ್ನು ಎಣಿಸುವ ತಾಳ್ಮೆಯೂ ಏಕೆಂದು ಕೇಳುವ ಬುದ್ಧಿಯೂ ಉಳ್ಳ ಬಾಲಕ ಬಾಲಕಿಯರಿಗೆ ಮೂಲಕಣಗಳ ಲೋಕದಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಹಳವಿದೆ.